18 ದೊಡ್ಡದಾ, 10 ದೊಡ್ಡದಾ? ಜೋಶ್ನಾ ಚಿನ್ನಪ್ಪ ಬಗ್ಗೆ ಒಬ್ಬ ತಾಯಿಯ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮ್ಮ ಮಗಳಿಗೆ 12 ವರ್ಷ. ಬೆಂಗಳೂರಿನ ಒಂದು ಕ್ಲಬ್‌ನಲ್ಲಿ ಸ್ಕ್ವಾಷ್ ಆಡುತ್ತಾಳೆ, ಅವಳ ವಯಸ್ಸಿನವರಲ್ಲಿ ಚೆನ್ನಾಗಿಯೇ ಗೆಲ್ಲುತ್ತಿದ್ದಾಳೆ. ಜೋಶ್ನಾ ಚಿನ್ನಪ್ಪ ಅಂದರೆ ಅವಳಿಗೆ ಪ್ರಾಣ. ನಾವೂ ಮೂಲತಃ ಕೊಡಗಿನವರು, ಹಾಗಾಗಿ ಮನೆಯಲ್ಲಿ ಅಭಿಮಾನ ಸ್ವಲ್ಪ ಜಾಸ್ತಿಯೇ. ಆದರೆ ನನ್ನ ಯಜಮಾನರು ಕೇಳುತ್ತಾರೆ: 18 ಸಲ ರಾಷ್ಟ್ರೀಯ ಚಾಂಪಿಯನ್ ಆದವರೇ ವಿಶ್ವದಲ್ಲಿ 10ನೇ ಸ್ಥಾನಕ್ಕಿಂತ ಮೇಲೆ ಹೋಗಲಿಲ್ಲ, ಅಷ್ಟಕ್ಕೆ ಇಷ್ಟೆಲ್ಲ ಒದ್ದಾಡಬೇಕಾ, ಸುಮ್ನೆ ಓದಲಿ ಅಂತ. 39 ವಯಸ್ಸಿನಲ್ಲೂ ಅವರು ಯಾಕೆ ಆಡುತ್ತಿದ್ದಾರೆ ಅನ್ನುವುದೂ ನನಗೆ ಅರ್ಥ ಆಗಿಲ್ಲ. ಈ ಆಟವನ್ನು ವೃತ್ತಿ ಮಾಡಿಕೊಳ್ಳುವುದು ಅಂದರೆ ಏನು, ಸ್ವಲ್ಪ ಬಿಡಿಸಿ ಹೇಳುತ್ತೀರಾ?

ಉತ್ತರ: ಮೊದಲು ನಿಮ್ಮ ಯಜಮಾನರ ಲೆಕ್ಕಕ್ಕೆ ಬರುತ್ತೇನೆ. ಅವರ ಕೈಯಲ್ಲಿ ಎರಡು ಸಂಖ್ಯೆ ಇದೆ, 18 ಮತ್ತು 10. 18 ದೊಡ್ಡ ಸಾಧನೆ, 10 ಅಷ್ಟಕ್ಕಷ್ಟೇ ಅಂತ ಅವರಿಗೆ ಅನಿಸಿದೆ. ನನ್ನನ್ನು ಕೇಳಿದರೆ ಉಲ್ಟಾ. ಜೋಶ್ನಾ ಅವರ ಇಡೀ ವೃತ್ತಿಯಲ್ಲಿ ಅತ್ಯಂತ ಕಷ್ಟದ ಸಂಖ್ಯೆ ಆ 10. ಅದು ಯಾಕೆ ಅಂತ ಗೊತ್ತಾದರೆ ನಿಮ್ಮ ಉಳಿದ ಪ್ರಶ್ನೆಗಳಿಗೂ ಮುಕ್ಕಾಲು ಉತ್ತರ ಸಿಕ್ಕ ಹಾಗೆ.

18ರ ಕಥೆ ಬೇಗ ಮುಗಿಸುತ್ತೇನೆ. ಜೋಶ್ನಾ ಹುಟ್ಟಿದ್ದು 1986ರಲ್ಲಿ, ಚೆನ್ನೈನಲ್ಲಿ. ಮನೆತನ ಕೊಡವರದು, ತಂದೆ ಅಂಜನ್ ಚಿನ್ನಪ್ಪ ಅವರಿಗೆ ಕೊಡಗಿನಲ್ಲಿ ಕಾಫಿ ತೋಟ ಇದೆ, ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಅವರ ಸಂಬಂಧಿಕರ ಕುಟುಂಬ. ಕೊಡಗು ಅಂದರೆ ಹಾಕಿ ಅನ್ನುವ ಊರಿನವರ ಮಗಳು ಸ್ಕ್ವಾಷ್ ಹಿಡಿದಿದ್ದಕ್ಕೆ ಕಾರಣ ಮದ್ರಾಸ್ ಕ್ರಿಕೆಟ್ ಕ್ಲಬ್. ಅಪ್ಪ ಅಲ್ಲಿ ಆಡುತ್ತಿದ್ದರು, ಮಗಳು ಹಿಂದೆ ಹೋದಳು. 2000ದಲ್ಲಿ, 14ರ ವಯಸ್ಸಿಗೇ, ಜೂನಿಯರ್ ಜೊತೆಗೆ ಸೀನಿಯರ್ ರಾಷ್ಟ್ರೀಯ ಪ್ರಶಸ್ತಿಯೂ ಬಂತು. ಆಮೇಲೆ ಗೆಲ್ಲುತ್ತಾ ಹೋದರು. ಭುವನೇಶ್ವರಿ ಕುಮಾರಿ ಅವರು 1977ರಿಂದ 1992ರವರೆಗೆ ಸಾಲಾಗಿ 16 ಸಲ ಗೆದ್ದಿದ್ದ ದಾಖಲೆ ಒಂದಿತ್ತು. 2019ರಲ್ಲಿ 17ನೇ ಪ್ರಶಸ್ತಿ ಗೆದ್ದು ಜೋಶ್ನಾ ಅದನ್ನು ಮುರಿದರು. ಮಾರನೇ ವರ್ಷ 18 ಆಯಿತು.

ಇದು ಸಣ್ಣದು ಅಂತ ನಾನು ಹೇಳುತ್ತಿಲ್ಲ. ಎರಡು ದಶಕ ಒಂದು ದೇಶದಲ್ಲಿ ಮೇಲೆ ಉಳಿಯುವುದು ತಮಾಷೆಯಲ್ಲ. ಆದರೆ ಭಾರತದಲ್ಲಿ ಗಂಭೀರವಾಗಿ ಸ್ಕ್ವಾಷ್ ಆಡುವ ಹೆಣ್ಣುಮಕ್ಕಳು ಎಷ್ಟು ಮಂದಿ? ಕ್ಲಬ್ಬು, ಸೇನೆಯ ಕೋರ್ಟುಗಳು, ಒಂದಷ್ಟು ದೊಡ್ಡ ಶಾಲೆಗಳು, ಅಷ್ಟೇ. ಇನ್ನೊಂದು ವಿಷಯ. ಅವರಿಗೆ ಸರಿಸಮ ಎದುರಾಳಿಯಾಗಿದ್ದ ದೀಪಿಕಾ ಪಳ್ಳಿಕಲ್ ನಾಲ್ಕೈದು ವರ್ಷ ರಾಷ್ಟ್ರೀಯ ಟೂರ್ನಿಗೇ ಬರಲಿಲ್ಲ. ಗಂಡಸರಿಗೆ ಒಂದು ಬಹುಮಾನ, ಹೆಂಗಸರಿಗೆ ಅದಕ್ಕಿಂತ ಕಡಿಮೆ ಬಹುಮಾನ, ಇದು ಸರಿಯಲ್ಲ ಅಂತ ಅವರ ತಕರಾರು. 2016ರಲ್ಲಿ ಬಹುಮಾನ ಸಮ ಮಾಡಿದರು, ದೀಪಿಕಾ ವಾಪಸ್ ಬಂದರು, ಫೈನಲ್‌ನಲ್ಲಿ ಜೋಶ್ನಾ ಅವರನ್ನೇ ಸೋಲಿಸಿ ಕಪ್ ಎತ್ತಿಕೊಂಡು ಹೋದರು! ಆದ್ದರಿಂದ 18 ಅನ್ನುವುದನ್ನು ನಾನು ಗೌರವದಿಂದ ನೋಡುತ್ತೇನೆ, ಆದರೆ ಒಬ್ಬ ಆಟಗಾರ್ತಿಯನ್ನು ಅಳೆಯಲು ಅದನ್ನು ಬಳಸುವುದಿಲ್ಲ.

ಈಗ 10ಕ್ಕೆ ಬರೋಣ.

2005ರಲ್ಲಿ ಬೆಲ್ಜಿಯಂನ ಹೆರೆಂಟಲ್ಸ್ ಅನ್ನುವ ಊರಿನಲ್ಲಿ ವಿಶ್ವ ಜೂನಿಯರ್ ಚಾಂಪಿಯನ್‌ಷಿಪ್ ನಡೆಯಿತು. ಅದಕ್ಕೂ ಮುಂಚೆ ಜೋಶ್ನಾ ಬ್ರಿಟಿಷ್ ಜೂನಿಯರ್ ಓಪನ್ ಎರಡು ಸಲ ಗೆದ್ದಾಗಿತ್ತು, 2003ರಲ್ಲಿ 17 ವರ್ಷದೊಳಗಿನವರದು, 2005ರಲ್ಲಿ 19 ವರ್ಷದೊಳಗಿನವರದು. ಜೂನಿಯರ್ ಆಟದಲ್ಲಿ ಅದಕ್ಕಿಂತ ಹಳೆಯ, ಹೆಸರಿನ ಟೂರ್ನಿ ಸಿಗುವುದು ಕಷ್ಟ. ಹೆರೆಂಟಲ್ಸ್‌ನಲ್ಲಿ ಫೈನಲ್‌ಗೂ ಬಂದರು. ಎದುರಿಗೆ ಈಜಿಪ್ಟಿನ 16 ವರ್ಷದ ಒಬ್ಬ ಹುಡುಗಿ, ಹೆಸರು ರನೀಮ್ ಎಲ್ ವೆಲಿಲಿ. ರನೀಮ್ ಗೆದ್ದರು.

ಈ ಇಬ್ಬರ ದಾರಿಯನ್ನು ಅಲ್ಲಿಂದ ಮುಂದಕ್ಕೆ ಪಕ್ಕಪಕ್ಕ ಇಟ್ಟು ನೋಡಿದರೆ ಈ ಆಟ ಏನು ಅಂತ ಗೊತ್ತಾಗುತ್ತದೆ. ರನೀಮ್ 2007ರಲ್ಲಿ ಇನ್ನೊಮ್ಮೆ ವಿಶ್ವ ಜೂನಿಯರ್ ಗೆದ್ದರು. ಆದರೆ ಅಷ್ಟು ಪ್ರತಿಭೆಯ ಹುಡುಗಿಗೂ ವಿಶ್ವದ ನಂಬರ್ ಒನ್ ಆಗಲು 2015ರವರೆಗೆ ಕಾಯಬೇಕಾಯಿತು. ಯಾಕೆಂದರೆ ಮೇಲೆ ಮಲೇಷ್ಯಾದ ನಿಕೋಲ್ ಡೇವಿಡ್ ಕೂತಿದ್ದರು. 2006ರ ಆಗಸ್ಟ್‌ನಿಂದ ಒಂಬತ್ತು ವರ್ಷ, ಒಂದು ತಿಂಗಳೂ ಬಿಡದೆ, ನಂಬರ್ ಒನ್. ಎಂಟು ವಿಶ್ವ ಪ್ರಶಸ್ತಿ. 2014ರಲ್ಲಿ ಕೈರೋದಲ್ಲಿ, ತನ್ನ ಜನರ ಮುಂದೆ, ರನೀಮ್‌ಗೆ ನಿಕೋಲ್ ವಿರುದ್ಧ ವಿಶ್ವ ಫೈನಲ್‌ನ ನಾಲ್ಕನೇ ಗೇಮ್‌ನಲ್ಲಿ ನಾಲ್ಕು ಮ್ಯಾಚ್ ಪಾಯಿಂಟ್ ಸಿಕ್ಕಿತ್ತು. ಒಂದು ಗೆದ್ದಿದ್ದರೆ ಸಾಕಿತ್ತು. ನಾಲ್ಕೂ ಕೈಬಿಟ್ಟವು, ನಿಕೋಲ್ ಗೆದ್ದರು. ರನೀಮ್ ಕೊನೆಗೆ ವಿಶ್ವ ಚಾಂಪಿಯನ್ ಆಗಿದ್ದು 2017ರಲ್ಲಿ.

ಜೋಶ್ನಾ 10ನೇ ಸ್ಥಾನ ಮುಟ್ಟಿದ್ದು 2016ರ ಜುಲೈನಲ್ಲಿ. ಅಂದರೆ ಹೆರೆಂಟಲ್ಸ್ ಆಗಿ 11 ವರ್ಷಕ್ಕೆ. ಅವರಿಗಿಂತ ಮುಂಚೆ ಮೊದಲ ಹತ್ತರೊಳಗೆ ಹೋಗಿದ್ದ ಭಾರತದ ಹೆಣ್ಣುಮಗಳು ದೀಪಿಕಾ ಒಬ್ಬರೇ. ಗಂಡಸರಲ್ಲಿ ಸೌರವ್ ಘೋಷಾಲ್ ಅಲ್ಲಿಗೆ ತಲುಪಿದ್ದು 2019ರಲ್ಲಿ, ಅವರದೂ 10ನೇ ಸ್ಥಾನವೇ. ಹಾಗಾದರೆ 11 ವರ್ಷ ಯಾಕೆ ಬೇಕಾಯಿತು? ಪ್ರತಿಭೆ ಕಡಿಮೆ ಇತ್ತಾ? ನನಗೆ ಹಾಗನ್ನಿಸುವುದಿಲ್ಲ. ಜೂನಿಯರ್ ಫೈನಲ್‌ನಲ್ಲಿ ಜೋಶ್ನಾ, ರನೀಮ್ ಇಬ್ಬರೂ ಒಂದೇ ಕೋರ್ಟಿನಲ್ಲಿದ್ದರು. ಮಾರನೇ ವಾರ ಅಭ್ಯಾಸಕ್ಕೆ ಹೋದಾಗ ಇಬ್ಬರ ಎದುರಿಗೆ ಯಾರಿದ್ದರು ಅನ್ನುವುದರಲ್ಲಿ ಇದೆ ವ್ಯತ್ಯಾಸ.

ಈಜಿಪ್ಟಿನಲ್ಲಿ ಸ್ಕ್ವಾಷ್ ಅಂದರೆ ಮುಖ್ಯವಾಗಿ ಎರಡು ಊರು, ಕೈರೋ ಮತ್ತು ಅಲೆಕ್ಸಾಂಡ್ರಿಯಾ. ದೊಡ್ಡ ದೊಡ್ಡ ಕ್ಲಬ್ಬುಗಳು, ಒಂದೊಂದರಲ್ಲೂ ಸಾಲುಸಾಲು ಕೋರ್ಟು. 12 ವರ್ಷದ ಹುಡುಗಿ ಸಂಜೆ ಕ್ಲಬ್ಬಿಗೆ ಹೋದರೆ ಪಕ್ಕದ ಕೋರ್ಟಿನಲ್ಲಿ ವಿಶ್ವದ ಐದನೇ ಸ್ಥಾನದವರು ಆಡುತ್ತಿರುತ್ತಾರೆ. ನನ್ನ ಜೊತೆ ಒಂದು ಗೇಮ್ ಆಡಿ ಅಂದರೂ ಆಡುತ್ತಾರೆ. 1996ರಿಂದ ಗಿಜಾ ಪಿರಮಿಡ್ಡುಗಳ ಎದುರಿಗೆ ಗಾಜಿನ ಕೋರ್ಟು ನಿಲ್ಲಿಸಿ ಟೂರ್ನಿ ಮಾಡಿದರು, ಅದನ್ನು ನೋಡಿಯೇ ಒಂದು ತಲೆಮಾರು ರ‍್ಯಾಕೆಟ್ ಹಿಡಿಯಿತು ಅಂತ ಅಲ್ಲಿನವರು ಹೇಳುತ್ತಾರೆ. ಫಲ ಕಣ್ಣ ಮುಂದಿದೆ. ಅಲೆಕ್ಸಾಂಡ್ರಿಯಾದ ನೂರ್ ಎಲ್ ಶೆರ್ಬಿನಿ 2025ರಲ್ಲಿ ಎಂಟನೇ ವಿಶ್ವ ಪ್ರಶಸ್ತಿ ಗೆದ್ದು ನಿಕೋಲ್ ಅವರ ಸಮಕ್ಕೆ ಬಂದರು, ಆ ಫೈನಲ್‌ನಲ್ಲಿ ಸೋತವರೂ ಈಜಿಪ್ಟಿನವರೇ.

ಚೆನ್ನೈನಲ್ಲಿ ಏನಿತ್ತು? ಒಂದು ಒಳ್ಳೆಯ ಅಕಾಡೆಮಿ ಇತ್ತು, ಸೈರಸ್ ಪೋಂಚಾ ಮತ್ತು ಮೇಜರ್ ಮಣಿಯಂ ಅವರಂಥ ಕೋಚ್‌ಗಳಿದ್ದರು. ಕೋಲ್ಕತ್ತಾ ಹುಡುಗ ಸೌರವ್ ಮನೆ ಬಿಟ್ಟು ಅಲ್ಲಿಗೇ ಬಂದು ಸೇರಿದರು ಅಂದರೆ ಅದರ ತೂಕ ನಿಮಗೆ ಗೊತ್ತಾಗುತ್ತದೆ. ಭಾರತದ ಮಟ್ಟಿಗೆ ಅದು ಬಹಳ. ಆದರೆ ಜೋಶ್ನಾ ಅವರನ್ನು ದಿನಾ ಸೋಲಿಸುವ ಹುಡುಗಿಯರು ಅಲ್ಲಿ ಸಾಲಾಗಿ ನಿಂತಿರಲಿಲ್ಲ. ದಿನಾ ಗೆಲ್ಲುವ ಅಭ್ಯಾಸದಿಂದ ಆಟ ಬೆಳೆಯುವುದಿಲ್ಲ ಅನ್ನುವುದು ಯಾವ ಕೋಚ್ ಕೇಳಿದರೂ ಹೇಳುವ ಮಾತು. ನಿಕೋಲ್ ಡೇವಿಡ್‌ಗೂ ಇದೇ ತೊಂದರೆ ಇತ್ತು, ಆಕೆ ಎರಡು ಸಲ ವಿಶ್ವ ಜೂನಿಯರ್ ಚಾಂಪಿಯನ್ ಆಗಿಯೂ ಸೀನಿಯರ್‌ನಲ್ಲಿ ಮೇಲೆ ಹೋಗಲು ಪೆನಾಂಗ್ ಬಿಟ್ಟು ಆಮ್‌ಸ್ಟರ್‌ಡ್ಯಾಮ್‌ಗೆ ಹೋಗಿ ಲಿಜ್ ಇರ್ವಿಂಗ್ ಹತ್ತಿರ ನೆಲೆಸಬೇಕಾಯಿತು. ವಿಶ್ವ ಪ್ರಶಸ್ತಿಗಳು ಶುರುವಾಗಿದ್ದು ಆಮೇಲೆ.

ಅಭ್ಯಾಸದ ಜೊತೆಗೆ ಟೂರ್ ಅನ್ನುವುದೊಂದಿದೆ, ಅಂದರೆ ದೇಶ ದೇಶ ಸುತ್ತಿ ಆಡುವ ವೃತ್ತಿಪರ ಟೂರ್ನಿಗಳ ಸಾಲು. ಟಿವಿಯಲ್ಲಿ ನಾವು ನೋಡುವುದು ಗಾಜಿನ ಕೋರ್ಟು, ದೀಪ, ಚಪ್ಪಾಳೆ. 40–50ನೇ ಸ್ಥಾನದ ಆಟಗಾರ್ತಿಯ ವಾರ ಬೇರೆ ಥರ ಇರುತ್ತದೆ. ಒಂದೂರಿಗೆ ಹೋಗಬೇಕು, ಸಣ್ಣ ಟೂರ್ನಿ, ಹಲವು ಕಡೆ ಸ್ಥಳೀಯ ಕ್ಲಬ್ ಸದಸ್ಯರ ಮನೆಯಲ್ಲೇ ವಾಸ್ತವ್ಯ. ರ‍್ಯಾಂಕಿಂಗ್ ಸಾಲದಿದ್ದರೆ ಅರ್ಹತಾ ಸುತ್ತು ಆಡಬೇಕು. ಅದನ್ನು ದಾಟಿ ಮುಖ್ಯ ಡ್ರಾಗೆ ಬಂದರೆ ಮೊದಲ ಸುತ್ತಿನಲ್ಲೇ ಸೀಡ್ ಪಡೆದವರು, ಅಂದರೆ ರ‍್ಯಾಂಕಿಂಗ್‌ನಲ್ಲಿ ಮೇಲಿರುವವರು, ಎದುರಾಗುತ್ತಾರೆ, 35 ನಿಮಿಷದಲ್ಲಿ ಸೋತು ಹೊರಗೆ. ಬಂದ ಬಹುಮಾನ ವಿಮಾನದ ಟಿಕೆಟ್‌ಗೂ ಸಾಲುವುದಿಲ್ಲ. ಕೋಚ್ ಜೊತೆಗಿರುವುದಿಲ್ಲ, ಅವರ ಟಿಕೆಟ್ಟನ್ನೂ ಯಾರು ಕೊಡುತ್ತಾರೆ? ಗೇಮ್‌ಗಳ ನಡುವೆ ಸ್ವಲ್ಪ ಬಿಡುವು ಇದ್ದಾಗ ಒಬ್ಬಳೇ ಕೂತು ಬೆವರು ಒರೆಸಿಕೊಂಡು, ಏನು ತಪ್ಪಾಗುತ್ತಿದೆ ಅಂತ ತಾನೇ ಯೋಚಿಸಬೇಕು. ಗೆದ್ದ ಅಂಕಗಳು ಶಾಶ್ವತವೂ ಅಲ್ಲ, ವರ್ಷ ಕಳೆದರೆ ಲೆಕ್ಕದಿಂದ ಉದುರುತ್ತವೆ. ಗಾಯವಾಗಿ ಆರು ತಿಂಗಳು ಕೂತರೆ ರ‍್ಯಾಂಕಿಂಗ್ ಜಾರಿ ಮತ್ತೆ ಅರ್ಹತಾ ಸುತ್ತಿನಿಂದ ಶುರು. ಜೋಶ್ನಾ ಅವರಿಗೆ ಮೊಣಕಾಲಿನ ಗಾಯ ಆಗಿ ಇದೇ ಆಯಿತು, ಅದೂ ಆಟ ಏರುತ್ತಿದ್ದ ವರ್ಷಗಳಲ್ಲಿ.

ಖರ್ಚಿನ ವಿಚಾರದಲ್ಲಿ ಅವರಿಗೆ ಅದೃಷ್ಟ ಇತ್ತು ಅನ್ನಬೇಕು. ಮನೆಯವರ ಬೆಂಬಲ ಇತ್ತು, ಆಟಗಾರರಿಗೆ ಹಣದ ನೆರವು ಕೊಡುತ್ತಿದ್ದ ಮಿತ್ತಲ್ ಚಾಂಪಿಯನ್ಸ್ ಟ್ರಸ್ಟ್ ಚಿಕ್ಕ ವಯಸ್ಸಿನಲ್ಲೇ ಕೈಹಿಡಿಯಿತು. ಇವೆರಡೂ ಇಲ್ಲದೆ ಎಷ್ಟು ಹುಡುಗಿಯರು 20–21ಕ್ಕೆ ಬ್ಯಾಗ್ ಮೂಲೆಗಿಟ್ಟರೋ, ಅವರ ಹೆಸರು ನಮಗೆ ಗೊತ್ತೇ ಆಗುವುದಿಲ್ಲ.

2014ರಿಂದ ಮೂರ್ನಾಲ್ಕು ವರ್ಷ ಅವರ ಆಟದ ಒಳ್ಳೆಯ ಕಾಲ. ಅಮೆರಿಕದ ರಿಚ್‌ಮಂಡ್ ಓಪನ್‌ನಲ್ಲಿ ಆಸ್ಟ್ರೇಲಿಯಾದ ರೇಚಲ್ ಗ್ರಿನ್‌ಹ್ಯಾಮ್ ಅವರನ್ನು ಸೋಲಿಸಿದರು. ಗ್ರಿನ್‌ಹ್ಯಾಮ್ ಮಾಜಿ ವಿಶ್ವ ಚಾಂಪಿಯನ್, ಜೋಶ್ನಾ ಅದುವರೆಗೆ ಆಕೆಯ ಕೈಯಲ್ಲಿ ಸೋತೇ ಸೋತಿದ್ದರು. ಅದೇ ವರ್ಷ ಗ್ಲಾಸ್ಗೋ ಕಾಮನ್‌ವೆಲ್ತ್ ಗೇಮ್ಸ್. ಅಲ್ಲಿ ದೀಪಿಕಾ ಜೊತೆ ಡಬಲ್ಸ್ ಆಡಿ ಫೈನಲ್‌ನಲ್ಲಿ ಇಂಗ್ಲೆಂಡಿನ ಜೆನ್ನಿ ಡಂಕಾಫ್, ಲಾರಾ ಮಸಾರೊ ಜೋಡಿಯನ್ನು ಸೋಲಿಸಿ ಚಿನ್ನ ತಂದರು. ಕಾಮನ್‌ವೆಲ್ತ್‌ನ ಸ್ಕ್ವಾಷ್‌ನಲ್ಲಿ ಭಾರತಕ್ಕೆ ಬಂದ ಮೊದಲ ಪದಕವೇ ಅದು. ಊರಿನಲ್ಲಿ ಸಿಂಗಲ್ಸ್ ಕಪ್‌ಗೆ ಪರಸ್ಪರ ಬಡಿದಾಡುವ ಇಬ್ಬರು ವಿದೇಶದಲ್ಲಿ ಒಂದೇ ಕಡೆ ನಿಂತು ಗೆಲ್ಲುವುದು ನೋಡಲು ಮಜಾ ಇರುತ್ತದೆ. 2022ರಲ್ಲಿ ಅದೇ ಗ್ಲಾಸ್ಗೋದಲ್ಲಿ ಇದೇ ಜೋಡಿ ವಿಶ್ವ ಡಬಲ್ಸ್ ಪ್ರಶಸ್ತಿಯನ್ನೂ ಗೆದ್ದಿತು, ಆ ಹೊತ್ತಿಗೆ ದೀಪಿಕಾ ಅವಳಿ ಮಕ್ಕಳ ತಾಯಿ.

ನಿಮ್ಮ ಮಗಳ ಜೊತೆ ಕೂತು ಒಂದು ಪಂದ್ಯದ ಬಗ್ಗೆ ಮಾತಾಡುವುದಾದರೆ 2017ರ ಏಷ್ಯನ್ ಚಾಂಪಿಯನ್‌ಷಿಪ್ ಫೈನಲ್ ಆರಿಸಿಕೊಳ್ಳಿ. ಚೆನ್ನೈನ ಎಕ್ಸ್‌ಪ್ರೆಸ್ ಅವೆನ್ಯೂ ಮಾಲ್‌ನಲ್ಲಿ ಗಾಜಿನ ಕೋರ್ಟು ಹಾಕಿದ್ದರು, ಫೈನಲ್‌ನಲ್ಲಿ ಜೋಶ್ನಾ ಮತ್ತು ದೀಪಿಕಾ. ಸ್ಕೋರ್ ನೋಡಿ: 13-15, 12-10, 11-13, 11-4, 11-4. ಒಂದು ಗಂಟೆಗೂ ಮೇಲೆ ನಡೆದ ಆಟ. ಮೊದಲು 11 ಮುಟ್ಟಿದವರಿಗೆ ಗೇಮ್, 10-10 ಆದರೆ ಎರಡು ಪಾಯಿಂಟ್ ಮುಂದಾಗಬೇಕು, ಐದರಲ್ಲಿ ಮೂರು ಗೇಮ್ ಗೆದ್ದವರಿಗೆ ಪಂದ್ಯ. ಇಲ್ಲಿ ಮೊದಲ ಮೂರು ಗೇಮ್ 11ಕ್ಕೆ ಮುಗಿಯಲೇ ಇಲ್ಲ, ಮೂರೂ 10-10ರ ಸಮಬಲ ದಾಟಿ ಹೋದವು, ಅದರಲ್ಲಿ ಎರಡು ದೀಪಿಕಾ ಪಾಲಾದವು. ಆಮೇಲಿನ ಎರಡರಲ್ಲಿ ಪೈಪೋಟಿಯೇ ಇಲ್ಲ.

ಸ್ಕ್ವಾಷ್ ಆಡದವರಿಗೆ ಇದು ವಿಚಿತ್ರ ಅನ್ನಿಸಬಹುದು. ಇಷ್ಟು ಸಮನಾಗಿದ್ದವರಲ್ಲಿ ಒಬ್ಬರು ಇದ್ದಕ್ಕಿದ್ದ ಹಾಗೆ 11-4 ಹೇಗೆ? ಕೋರ್ಟು 9.75 ಮೀಟರ್ ಉದ್ದ, 6.4 ಮೀಟರ್ ಅಗಲ. ನಡುವೆ ಗೆರೆಗಳು ಸೇರುವ ಜಾಗಕ್ಕೆ 'ಟಿ' ಅನ್ನುತ್ತಾರೆ. ಆಟವೆಲ್ಲ ಆ ಜಾಗ ಯಾರ ಕೈಯಲ್ಲಿದೆ ಅನ್ನುವುದರ ಮೇಲೆ. ಟಿ ಮೇಲೆ ನಿಂತವರು ಚೆಂಡನ್ನು ಹಿಂದಿನ ಮೂಲೆಗೆ ಉದ್ದಕ್ಕೆ ಹೊಡೆಯುತ್ತಾರೆ, ಇನ್ನೊಬ್ಬರು ಹಿಂದಕ್ಕೆ ಓಡುತ್ತಾರೆ, ಆಮೇಲೆ ಮುಂದಿನ ಗೋಡೆಯ ಬುಡಕ್ಕೆ ಮೆತ್ತಗೆ ಒಂದು ಡ್ರಾಪ್, ಇನ್ನೊಬ್ಬರು ಕರ್ಣದಂತೆ ಮುಂದಕ್ಕೆ ಬಂದು ಮಂಡಿ ಬಗ್ಗಿಸಿ ಎತ್ತಬೇಕು. ಇದು 20 ಸಲ, 30 ಸಲ, ಒಂದು ಪಾಯಿಂಟಿಗೆ. ಚೆಂಡು ಬೇರೆ ಆಡುತ್ತಾ ಆಡುತ್ತಾ ಬಿಸಿಯಾಗಿ ಪುಟಿಯುತ್ತದೆ, ಸುಲಭಕ್ಕೆ ಸಾಯುವುದಿಲ್ಲ. ಕಾಲು ದಣಿದಾಗ ಮೊದಲು ಹೋಗುವುದು ವೇಗವಲ್ಲ, ಮೊದಲ ಹೆಜ್ಜೆ. ಎದುರಾಳಿಯ ರ‍್ಯಾಕೆಟ್ ನೋಡಿ ಹೊರಡಬೇಕಾದವರು ಚೆಂಡು ಗೋಡೆಗೆ ತಾಗಿದ ಮೇಲೆ ಹೊರಡುತ್ತಾರೆ. ಅಷ್ಟು ತಡವಾದರೆ ಮುಗಿಯಿತು, ಹೊಡೆತ ಸಡಿಲವಾಗಿ ನಡುವಿಗೆ ಬರುತ್ತದೆ, ಇನ್ನೊಬ್ಬರು ಟಿ ಬಿಟ್ಟು ಅಲ್ಲಾಡುವುದೇ ಇಲ್ಲ. ಸಮಬಲದ ಪಂದ್ಯ ಕೊನೆಗೆ 11-4 ಆಗುವುದು ಬಹಳ ಸಲ ಹೀಗೆಯೇ. ನಿಮ್ಮ ಮಗಳಿಗೆ ಕೋಚ್ ಕೋರ್ಟಿನಲ್ಲಿ ಚೆಂಡಿಲ್ಲದೆ ಸುಮ್ನೆ ಮೂಲೆಯಿಂದ ಮೂಲೆಗೆ ಓಡಿಸುತ್ತಾರಲ್ಲ, ಅವಳಿಗೆ ಖಂಡಿತ ಬೇಜಾರಾಗಿರುತ್ತದೆ, ಅದು ಈ ನಾಲ್ಕನೇ ಗೇಮ್‌ಗಾಗಿ.

ಅಂದು ಜೋಶ್ನಾ ಏಷ್ಯನ್ ಪ್ರಶಸ್ತಿ ಗೆದ್ದ ಮೊದಲ ಭಾರತೀಯರಾದರು. 2019ರಲ್ಲಿ ಹಾಂಗ್‌ಕಾಂಗ್‌ನ ಆ್ಯನಿ ಔ ಅವರನ್ನು ಸೋಲಿಸಿ ಅದನ್ನು ಉಳಿಸಿಕೊಂಡರು. ನಡುವೆ 2018ರಲ್ಲಿ ನಿಕೋಲ್ ಡೇವಿಡ್ ಅವರನ್ನು ಎರಡು ಸಲ ಸೋಲಿಸಿದ್ದಾರೆ. ಒಂದು ಈಜಿಪ್ಟಿನ ಎಲ್ ಗೌನಾದಲ್ಲಿ. ಇನ್ನೊಂದು ಜಕಾರ್ತಾ ಏಷ್ಯನ್ ಗೇಮ್ಸ್ ತಂಡ ವಿಭಾಗದ ಸೆಮಿಫೈನಲ್‌ನಲ್ಲಿ, ಐದು ಗೇಮ್ ಎಳೆದ ಪಂದ್ಯ, ಅದರಿಂದಲೇ ಭಾರತ ಫೈನಲ್‌ಗೆ ಹೋಗಿ ಬೆಳ್ಳಿ ತಂದಿತು. ನಿಕೋಲ್ ಆಗ ತಮ್ಮ ಉತ್ತುಂಗದಲ್ಲಿರಲಿಲ್ಲ, ಮಾರನೇ ವರ್ಷ ನಿವೃತ್ತಿಯಾದರು, ಇದನ್ನೂ ಹೇಳಬೇಕಾದ್ದೇ. ಆದರೂ ಎಂಟು ಸಲದ ವಿಶ್ವ ಚಾಂಪಿಯನ್ ಎದುರು ಐದನೇ ಗೇಮ್ ಗೆಲ್ಲುವುದಕ್ಕೆ ಎದೆ ಬೇಕು.

ಹಾಗಾಗಿ ನಿಮ್ಮ ಯಜಮಾನರಿಗೆ ನನ್ನ ಉತ್ತರ ಇದು: 10ನೇ ಸ್ಥಾನ ಅಂದರೆ ಈಜಿಪ್ಟಿನವರು, ಇಂಗ್ಲೆಂಡಿನವರು, ನಿಕೋಲ್, ಇವರೆಲ್ಲ ತುಂಬಿಕೊಂಡಿದ್ದ ಕೋಣೆಯಲ್ಲಿ ಚೆನ್ನೈನಿಂದ ಹೋಗಿ ಒಂದು ಕುರ್ಚಿ ಹಿಡಿದದ್ದು. ಅದೂ ಸುಮಾರು 30ರ ವಯಸ್ಸಿನಲ್ಲಿ. ಆದರೆ ಅವರ ಇನ್ನೊಂದು ಮಾತು, 'ಓದಲಿ' ಅನ್ನುವುದು, ಅದನ್ನು ನಾನು ತಳ್ಳಿಹಾಕುವುದಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

39ರಲ್ಲೂ ಯಾಕೆ ಆಡುತ್ತಿದ್ದಾರೆ ಅಂತ ಕೇಳಿದಿರಿ. ಅವರ ಮನಸ್ಸಿನಲ್ಲಿ ಏನಿದೆ ಅಂತ ನಾನು ಹೇಳಲಾರೆ, ಆದರೆ ಹೊರಗಿನಿಂದ ಕಾಣುವ ಕಾರಣ ಒಂದಿದೆ: ಒಲಿಂಪಿಕ್ಸ್. ಸ್ಕ್ವಾಷ್ ಒಲಿಂಪಿಕ್ಸ್‌ನಲ್ಲಿ ಯಾವತ್ತೂ ಇರಲಿಲ್ಲ. 2012ಕ್ಕೆ, 2016ಕ್ಕೆ, 2020ಕ್ಕೆ ಸೇರಿಸಿ ಅಂತ ಕೇಳಿದರು, ಮೂರು ಸಲವೂ ಇಲ್ಲ ಅಂದರು. ನಿಕೋಲ್ ಆ ಪ್ರಚಾರದ ಮುಖವೇ ಆಗಿದ್ದರು, ಒಂದು ದಿನವೂ ಒಲಿಂಪಿಕ್ಸ್ ಆಡದೆ ನಿವೃತ್ತಿಯಾದರು. ಕೊನೆಗೆ 2023ರ ಅಕ್ಟೋಬರ್‌ನಲ್ಲಿ, ಮುಂಬೈನಲ್ಲಿ ನಡೆದ ಒಲಿಂಪಿಕ್ ಸಮಿತಿಯ ಸಭೆಯಲ್ಲೇ, 2028ರ ಲಾಸ್ ಏಂಜಲೀಸ್‌ಗೆ ಸ್ಕ್ವಾಷ್ ಸೇರಿತು. ಜೋಶ್ನಾ ಅವರಿಗೆ ಆಗ 37 ತುಂಬಿತ್ತು. ಒಂದು ಹತ್ತು ವರ್ಷ ಮೊದಲೇ ಬಂದಿದ್ದರೆ ಅಂತ ನನಗೂ ಅನಿಸುತ್ತದೆ.

ಒಲಿಂಪಿಕ್ಸ್‌ನಲ್ಲಿ ಸಿಂಗಲ್ಸ್ ಮಾತ್ರ, ಹೆಂಗಸರಿಗೆ 16 ಜಾಗ. 2028ರ ಜುಲೈನಲ್ಲಿ ಅವರಿಗೆ 41. ನೇರವಾಗಿ ಹೇಳುತ್ತೇನೆ, ಬಹಳ ಕಷ್ಟ. ಭಾರತದಿಂದಲೇ ಅನಾಹತ್ ಸಿಂಗ್ ಅನ್ನುವ ಹುಡುಗಿ ಎದ್ದು ಬಂದಿದ್ದಾಳೆ, 2008ರಲ್ಲಿ ಹುಟ್ಟಿದವಳು, 15ರ ವಯಸ್ಸಿಗೆ ರಾಷ್ಟ್ರೀಯ ಪ್ರಶಸ್ತಿ ಗೆದ್ದವಳು. ಭಾರತದ ದೊಡ್ಡ ಆಸೆ ಈಗ ಆಕೆಯ ಮೇಲೆ.

ಆದರೆ ಜೋಶ್ನಾ ಸುಮ್ಮನೆ ಹೆಸರಿಗೆ ಆಡುತ್ತಿಲ್ಲ. ಮತ್ತೆ ಮೊಣಕಾಲಿಗೆ ಶಸ್ತ್ರಚಿಕಿತ್ಸೆ ಆಗಿ ರ‍್ಯಾಂಕಿಂಗ್ ನೂರರ ಆಚೆಗೆ ಹೋಗಿತ್ತು. ಅಲ್ಲಿಂದ ಬಂದು 2025ರ ಅಕ್ಟೋಬರ್‌ನಲ್ಲಿ ಯೊಕೊಹಾಮಾದಲ್ಲಿ ಜಪಾನ್ ಓಪನ್ ಗೆದ್ದರು. ಫೈನಲ್‌ನಲ್ಲಿ ಎದುರಾಳಿ ಈಜಿಪ್ಟಿನ ಹಯಾ ಅಲಿ. ಟೂರ್‌ನಲ್ಲಿ ಅವರಿಗೆ ಅದು 11ನೇ ಪ್ರಶಸ್ತಿ. ದೊಡ್ಡ ಟೂರ್ನಿ ಅಲ್ಲ ಅದು, ಚಾಲೆಂಜರ್ ಮಟ್ಟದ್ದು, ಆದರೆ 39ರಲ್ಲಿ ಚಾಲೆಂಜರ್ ಗೆಲ್ಲುವುದು 19ರಲ್ಲಿ ಗೆಲ್ಲುವುದಕ್ಕಿಂತ ಬೇರೆ ಮಾತು. ಎರಡು ತಿಂಗಳಾದ ಮೇಲೆ, ಡಿಸೆಂಬರ್‌ನಲ್ಲಿ, ಅದೇ ಎಕ್ಸ್‌ಪ್ರೆಸ್ ಅವೆನ್ಯೂ ಮಾಲ್‌ನಲ್ಲಿ ತಂಡಗಳ ವಿಶ್ವಕಪ್. ಭಾರತದ ತಂಡದಲ್ಲಿ ಜೋಶ್ನಾ, ಅಭಯ್ ಸಿಂಗ್, ಅನಾಹತ್, ವೇಲವನ್ ಸೆಂಥಿಲ್‌ಕುಮಾರ್. ಫೈನಲ್‌ನಲ್ಲಿ ಹಾಂಗ್‌ಕಾಂಗ್ ವಿರುದ್ಧ 3-0. ಮೊದಲ ಪಂದ್ಯ ಆಡಲು ಇಳಿದವರು ಜೋಶ್ನಾ, ರ‍್ಯಾಂಕಿಂಗ್‌ನಲ್ಲಿ ತಮಗಿಂತ ಮೇಲಿದ್ದ ಲೀ ಕಾ ಯೀ ಅವರನ್ನು ಸೋಲಿಸಿ ಕೊಟ್ಟರು. ಭಾರತಕ್ಕೆ ಮೊದಲ ವಿಶ್ವಕಪ್. ಆ ವಿಶ್ವಕಪ್‌ನಲ್ಲಿ ಗೇಮ್ 7 ಪಾಯಿಂಟಿಗೇ ಮುಗಿಯುತ್ತದೆ, ಇದು ವಯಸ್ಸಾದ ಕಾಲಿಗೆ ಸ್ವಲ್ಪ ಅನುಕೂಲ ಅನ್ನುವವರಿದ್ದಾರೆ. ಇರಬಹುದು. ಆದರೆ ಚಿಕ್ಕ ಗೇಮ್‌ನಲ್ಲಿ ಎರಡು ತಪ್ಪು ಮಾಡಿದರೂ ಕಥೆ ಮುಗಿಯಿತು ಅಲ್ವಾ, ಅಲ್ಲಿ ತಲೆ ತಣ್ಣಗಿರಬೇಕು.

ಇನ್ನು ರನೀಮ್ ವಿಚಾರ. ಆಕೆ 2020ರಲ್ಲಿ, 31ರ ವಯಸ್ಸಿನಲ್ಲಿ, ನಂಬರ್ ಒನ್ ಸ್ಥಾನದಲ್ಲಿ ಇರುವಾಗಲೇ ಆಟ ನಿಲ್ಲಿಸಿದರು. ಹೆರೆಂಟಲ್ಸ್‌ನಲ್ಲಿ ಸೋತವರು ಇನ್ನೂ ಆಡುತ್ತಿದ್ದಾರೆ. ಯಾರದು ಹೆಚ್ಚು ಒಳ್ಳೆಯ ವೃತ್ತಿ ಅಂತ ಕೇಳಿದರೆ, ಪ್ರಶಸ್ತಿ ಲೆಕ್ಕದಲ್ಲಿ ರನೀಮ್, ಅದರಲ್ಲಿ ಅನುಮಾನವೇ ಇಲ್ಲ. ಆದರೆ ನಿಮ್ಮ ಮಗಳಿಗೆ ಮಾದರಿ ಬೇಕಾದರೆ ಜೋಶ್ನಾ ಅವರದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅವಳು ಕೈರೋದಲ್ಲಿ ಹುಟ್ಟಿಲ್ಲವಲ್ಲ.

ಈಗ ದುಡ್ಡು ಮತ್ತು ಓದು. ಮೇಲಿನ ಹಂತದಲ್ಲಿ ಹೆಂಗಸರ ಸ್ಥಿತಿ ಮೊದಲಿಗಿಂತ ಎಷ್ಟೋ ವಾಸಿ. 2019ರಲ್ಲಿ ಶಿಕಾಗೋದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ ಒಟ್ಟು ಬಹುಮಾನ 10 ಲಕ್ಷ ಡಾಲರ್, ಅದನ್ನು ಗಂಡಸರಿಗೂ ಹೆಂಗಸರಿಗೂ ಸಮನಾಗಿ ಹಂಚಿದರು. ಆದರೆ ಆ ದುಡ್ಡು ಮೇಲಿನ ಕೆಲವೇ ಜನರಿಗೆ ತಲುಪುವುದು. ಕ್ರಿಕೆಟ್, ಬ್ಯಾಡ್ಮಿಂಟನ್ ಲೆಕ್ಕ ಇಲ್ಲಿ ಹಾಕಬೇಡಿ. ನಮ್ಮಲ್ಲಿ ಸ್ಕ್ವಾಷ್‌ನವರ ಬದುಕು ನಡೆಯುವುದು ಬಹುಮಾನದ ಹಣಕ್ಕಿಂತ ಪದಕದಿಂದ. ಏಷ್ಯನ್ ಗೇಮ್ಸ್, ಕಾಮನ್‌ವೆಲ್ತ್ ಪದಕ ಬಂದರೆ ಸರ್ಕಾರದ ನಗದು, ತರಬೇತಿಗೆ ನೆರವು, ಪ್ರಾಯೋಜಕರು, ಕೆಲವರಿಗೆ ಕೆಲಸ. ಜೋಶ್ನಾ ಅವರಿಗೆ 2013ರಲ್ಲಿ ಅರ್ಜುನ, 2024ರಲ್ಲಿ ಪದ್ಮಶ್ರೀ ಬಂದಿದ್ದೂ ಇಂಥ ದಾರಿಯಲ್ಲೇ. ಅದಕ್ಕೇ ತಂಡದ ಆಟ, ಡಬಲ್ಸ್ ಇವನ್ನು ಕಡೆಗಣಿಸಬೇಡಿ ಅಂತ ನಾನು ಪೋಷಕರಿಗೆ ಯಾವಾಗಲೂ ಹೇಳುತ್ತೇನೆ.

ಓದಿಗೂ ಸ್ಕ್ವಾಷ್‌ಗೂ ಜಗಳ ಹಚ್ಚುವ ಅಗತ್ಯವೇ ಇಲ್ಲ. ಈ ಆಟದ ಒಂದು ವಿಶೇಷ ಏನೆಂದರೆ ಅಮೆರಿಕದ ಒಳ್ಳೊಳ್ಳೆ ಕಾಲೇಜುಗಳು ಸ್ಕ್ವಾಷ್ ತಂಡ ಕಟ್ಟಲು ಹೊರದೇಶದ ಹುಡುಗ ಹುಡುಗಿಯರನ್ನು ಹುಡುಕುತ್ತವೆ. ಭಾರತದಿಂದ ಎಷ್ಟೋ ಜೂನಿಯರ್‌ಗಳು ಹಾಗೆ ಹೋಗಿ ಓದಿದ್ದಾರೆ. ಹಾರ್ವರ್ಡ್, ಯೇಲ್ ಥರದ ಐವಿ ಲೀಗ್ ಕಾಲೇಜುಗಳು ಆಟಕ್ಕೆ ಅಂತ ಸ್ಕಾಲರ್‌ಷಿಪ್ ಕೊಡುವುದಿಲ್ಲ, ಆದರೆ ಆಟ ಪ್ರವೇಶಕ್ಕೆ ನೆರವಾಗುತ್ತದೆ, ಮನೆಯ ಆದಾಯ ನೋಡಿ ಶುಲ್ಕದಲ್ಲಿ ಸಹಾಯ ಮಾಡುತ್ತಾರೆ. ಕಾಲೇಜಿಗೆ ಹೋದರೆ ವೃತ್ತಿ ಮುಗಿಯಿತು ಅನ್ನುವುದೂ ಸುಳ್ಳು. ಅಮೆರಿಕದ ಅಮಾಂಡಾ ಸೋಭಿ ಹಾರ್ವರ್ಡ್‌ನಲ್ಲಿ ಪದವಿ ಮುಗಿಸಿ ಆಮೇಲೆ ವಿಶ್ವದ 3ನೇ ಸ್ಥಾನದವರೆಗೆ ಹೋದರು. ಇದನ್ನು ನಿಮ್ಮ ಯಜಮಾನರಿಗೆ ತೋರಿಸಿ, ಅರ್ಧ ಚಿಂತೆ ಕಡಿಮೆಯಾಗಬಹುದು.

12ರ ಹುಡುಗಿಗೆ ಈಗ ನೀವು ಮಾಡಬೇಕಾದ್ದು ಜಾಸ್ತಿ ಇಲ್ಲ. ವೃತ್ತಿಯ ಮಾತು 16ಕ್ಕೆ ಎತ್ತಿದರೂ ತಡವಲ್ಲ. ಅಲ್ಲಿಯವರೆಗೆ ಅವಳನ್ನು ಸೋಲಿಸುವವರ ಜೊತೆ ಆಡಿಸಿ, ತನಗಿಂತ ದೊಡ್ಡವರು, ಹುಡುಗರು, ಕ್ಲಬ್ಬಿನ ಅಂಕಲ್‌ಗಳು, ಯಾರಾದರೂ ಸರಿ. ಕಪ್ ಸಿಗುತ್ತದೆ ಅಂತ ಕೆಳಗಿನ ಟೂರ್ನಿಗಳಿಗೇ ಕಳಿಸಬೇಡಿ. ರಜೆಯಲ್ಲಿ ಒಂದು ಸಲ ಚೆನ್ನೈಗೆ ಕರೆದುಕೊಂಡು ಹೋಗಿ ಅಲ್ಲಿನ ಮಕ್ಕಳ ಜೊತೆ ಆಡಲಿ, ಅವಳ ಮಟ್ಟ ಎಲ್ಲಿದೆ ಅಂತ ಅವಳಿಗೇ ತಿಳಿಯುತ್ತದೆ. ಕಣ್ಣಿಗೆ ರಕ್ಷಣೆಯ ಕನ್ನಡಕ ಇಲ್ಲದೆ ಕೋರ್ಟಿಗೆ ಇಳಿಸಬೇಡಿ, ಮಕ್ಕಳು ಅದನ್ನು ಬ್ಯಾಗಿನಲ್ಲೇ ಬಿಡುತ್ತಾರೆ. ಮತ್ತೆ ಮೊಣಕಾಲು ನೋಯುತ್ತದೆ ಅಂದರೆ 'ಆಡ್ತಾ ಆಡ್ತಾ ಹೋಗುತ್ತೆ' ಅನ್ನುವವರ ಮಾತು ಕೇಳಬೇಡಿ, ಆ ವಾರ ಆಟ ನಿಲ್ಲಿಸಿ ಮೂಳೆ ಡಾಕ್ಟರಿಗೆ ತೋರಿಸಿ. ಟೂರ್ನಿ ಇದ್ದರೂ ಸರಿಯೇ.